ಡಬ್ಬದ ಮೇಲೆ ಏನು ಬರೆದಿದೆ?

ತಿಂಗಳಿಗೊಮ್ಮೆ ನಮ್ಮ ಮನೆ ಬಾಗಿಲಿಗೆ ಮೀಟರ್ ಓದುವವರು ಬರುತ್ತಾರೆ. ಮೀಟರ್ ನೋಡುತ್ತಾರೆ. ಕೈಯಲ್ಲಿರುವ ಯಂತ್ರದಿಂದ ಒಂದು ಉದ್ದನೆಯ ಚೀಟಿ ಹರಿದು ಕೊಡುತ್ತಾರೆ. ಅದೇ ಕರೆಂಟ್ ಬಿಲ್. ಮೊದಲೆಲ್ಲ ನಾವು ಆ ಚೀಟಿಯನ್ನು ಏನು ಮಾಡುತ್ತಿದ್ದೆವು? ಮಡಚಿ ಗೋಡೆಯ ಮೊಳೆಗೆ ಚುಚ್ಚುತ್ತಿದ್ದೆವು. ಗಂಡನೋ ಮಗನೋ ಬಂದು ನೋಡಲಿ ಎಂದು ಬಿಡುತ್ತಿದ್ದೆವು. ಈಗ ನಮಗೆ ಅಕ್ಷರ ಬರುತ್ತದೆ. ಅಂಕಿ ಬರುತ್ತದೆ. ಕೂಡಲು ಕಳೆಯಲು ಬರುತ್ತದೆ. ಅಕ್ಕಂದಿರೇ, ಚೀಟಿಯನ್ನು ಮೊಳೆಯಿಂದ ತೆಗೆಯಿರಿ. ಓದೋಣ.

ಚೀಟಿಯ ತುಂಬ ಸಣ್ಣ ಅಕ್ಷರ. ಹೆದರಬೇಡಿ. ಎಲ್ಲವನ್ನೂ ಓದಬೇಕಾಗಿಲ್ಲ. ಮೂರು ಅಂಕಿ ಹುಡುಕಿದರೆ ಸಾಕು. 'ಇಂದಿನ ಮಾಪನ' ಎಂದು ಒಂದು ಕಡೆ ಇರುತ್ತದೆ. 'ಹಿಂದಿನ ಮಾಪನ' ಎಂದು ಇನ್ನೊಂದು ಕಡೆ. ಇಂದಿನದರಲ್ಲಿ ಹಿಂದಿನದನ್ನು ಕಳೆಯಿರಿ. ಇಂದಿನದು 4382, ಹಿಂದಿನದು 4310 ಅಂತ ಇಟ್ಟುಕೊಳ್ಳಿ. ಕಳೆದರೆ 72. 'ಬಳಕೆ' ಎಂಬ ಕಡೆಯಲ್ಲೂ 72 ಎಂದೇ ಇರಬೇಕು. ಇದ್ದರೆ ಸರಿ. ಆಮೇಲೆ ಗೋಡೆಯ ಮೇಲಿರುವ ಮೀಟರಿನ ಮುಂದೆ ಹೋಗಿ ನಿಲ್ಲಿ. ಅದರ ಕಿಟಕಿಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. 4382ಕ್ಕೆ ಹತ್ತಿರದ ಅಂಕಿ ಬರುವ ತನಕ ಕಾಯಿರಿ. ಅದು ಸ್ವಲ್ಪ ಮುಂದೆ ಹೋಗಿರುತ್ತದೆ. ಹಿಂದೆ ಇದ್ದರೆ ಮಾತ್ರ ಕೇಳಬೇಕು. ಕೇಳುವುದಕ್ಕೆ 1912 ಎಂಬ ಫೋನ್ ನಂಬರ್ ಇದೆ. ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಹೇಳಿದರೆ ನಿಮ್ಮ ಮನೆ ಯಾವುದೆಂದು ಅವರಿಗೆ ಗೊತ್ತಾಗುತ್ತದೆ.

ಈ 72 ಏನು? 72 ಯೂನಿಟ್. ಹಾಲಿಗೆ ಲೀಟರ್, ಅಕ್ಕಿಗೆ ಕಿಲೋ ಇದ್ದ ಹಾಗೆ ಕರೆಂಟಿಗೆ ಯೂನಿಟ್.

ವಾಟ್ ಮತ್ತು ಯೂನಿಟ್

ಕರೆಂಟಿನಿಂದ ನಡೆಯುವ ಯಾವ ಸಾಮಾನು ತೆಗೆದುಕೊಂಡರೂ ಅದರ ಡಬ್ಬದ ಮೇಲೆ ಒಂದು ಅಂಕಿ ಇರುತ್ತದೆ. ಸಾಮಾನಿನ ಬೆನ್ನಿನ ಮೇಲೂ ಇರುತ್ತದೆ. ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ ಒಂದೇ ಒಂದು ಅಕ್ಷರ. ಎರಡು ಗುಂಡಿ ಅಕ್ಕಪಕ್ಕ ತೋಡಿದ ಹಾಗೆ ಕಾಣುತ್ತದೆ. ಅದು 'ಡಬ್ಲ್ಯು'. ವಾಟ್ ಎಂದು ಅರ್ಥ. ನಾವು ಕಷ್ಟಪಟ್ಟು ಕನ್ನಡ ಕಲಿತೆವು, ಡಬ್ಬ ಮಾತ್ರ ಇಂಗ್ಲಿಷಿನಲ್ಲೇ ಇದೆ. ಇರಲಿ. ಈ ಒಂದು ಅಕ್ಷರ ಕಲಿಯುವುದು ಅರ್ಧ ದಿನದ ಕೆಲಸವೂ ಅಲ್ಲ.

ವಾಟ್ ಎಂದರೆ ಆ ಸಾಮಾನಿನ ಹಸಿವು. 1000 ವಾಟಿನ ಸಾಮಾನು ಒಂದು ಗಂಟೆ ಬಿಡದೆ ನಡೆದರೆ 1 ಯೂನಿಟ್ ತಿನ್ನುತ್ತದೆ. 100 ವಾಟಿನದು 10 ಗಂಟೆ ನಡೆದರೆ ಆಗಲೂ 1 ಯೂನಿಟ್. ವಾಟನ್ನು ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿ. ಇಷ್ಟೇ ಲೆಕ್ಕ. ಈ ಒಂದು ಲೆಕ್ಕ ಬಂದರೆ ಅಂಗಡಿಯವನ ಬಾಯಿ ಮಾತು ನಂಬಿಕೊಂಡು ಬರಬೇಕಾಗಿಲ್ಲ.

ಯೂನಿಟ್ಟಿಗೆ ಎಷ್ಟು ದುಡ್ಡು? ದರ ವರ್ಷ ವರ್ಷ ಬದಲಾಗುತ್ತದೆ. ನಿಗದಿತ ಶುಲ್ಕ, ತೆರಿಗೆ ಬೇರೆ ಸೇರುತ್ತವೆ. ಈ ಪಾಠದಲ್ಲಿ ಲೆಕ್ಕಕ್ಕೆ ಸುಲಭವಾಗಲಿ ಎಂದು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಬಿಲ್ಲಿನಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

"ನಮಗೆ ಬಿಲ್ಲೇ ಇಲ್ವಲ್ಲ, ಸೊನ್ನೆ ಬರ್ತದೆ" ಎಂದು ಕೆಲವರು ಕೇಳಬಹುದು. ಹೌದು. ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. ಆ ವರ್ಷದ ಆಗಸ್ಟ್ ತಿಂಗಳಿನಿಂದ ಸೊನ್ನೆ ಬಿಲ್ ಬರತೊಡಗಿತು. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದುಕೊಂಡವರು ಬಹಳ ಮಂದಿ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಖರ್ಚಾಗಿತ್ತು ಎಂದು ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಗೊತ್ತು ಮಾಡಿದರು. ಸರಾಸರಿ 60 ಇದ್ದ ಮನೆಗೆ ನೂರಕ್ಕೆ ಹತ್ತರಂತೆ 6 ಸೇರಿಸಿ 66 ಯೂನಿಟ್. ಆ ಮನೆಯವರು ಒಂದು ತಿಂಗಳು 90 ಯೂನಿಟ್ ಸುಟ್ಟರೆ ಮೇಲಿನ 24 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೋ, ಇಡೀ ಬಿಲ್ ಕಟ್ಟಬೇಕು. ಹೊಸದಾಗಿ ಒಂದು ಇಂಡಕ್ಷನ್ ಒಲೆ, ಒಂದು ಗೀಸರ್ ತಂದ ಮನೆಗೆ ಇದ್ದಕ್ಕಿದ್ದಂತೆ ಬಿಲ್ ಬಂದದ್ದಕ್ಕೆ ಇದೇ ಕಾರಣ. ನಿಮ್ಮ ಮಿತಿ ಎಷ್ಟು ಎಂದು ತಿಳಿದುಕೊಳ್ಳಿ. ಬಿಲ್ಲಿನಲ್ಲಿ ಕಾಣದಿದ್ದರೆ ಮೀಟರ್ ಓದಲು ಬಂದವರನ್ನು ಕೇಳಿ. ಕೇಳುವುದು ನಮ್ಮ ಹಕ್ಕು.

ಮೊದಲು ಬಲ್ಬು

ಒಳಗೆ ತಂತಿ ಇರುವ ಹಳೆಯ ಹಳದಿ ಬಲ್ಬು ನೆನಪಿದೆಯಲ್ಲ? ಮುಟ್ಟಿದರೆ ಕೈ ಸುಡುತ್ತಿತ್ತು. ಯಾಕೆ ಸುಡುತ್ತಿತ್ತು? ತಿಂದ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು. ಬೆಳಕಾಗಿ ಬರುತ್ತಿದ್ದುದು ಚೂರೇ ಚೂರು. ಈಗಲೂ ದನದ ಕೊಟ್ಟಿಗೆಯಲ್ಲಿ, ಬಚ್ಚಲಿನಲ್ಲಿ ಅದು ಉಳಿದುಕೊಂಡಿರುತ್ತದೆ. 60 ವಾಟಿನ ಆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ ಎಲ್‌ಇಡಿ ಬಲ್ಬು 9 ವಾಟಿನದು. ಅದು ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ತಿನ್ನುವುದಿಲ್ಲ. ಒಂದು ಬಲ್ಬಿಗೆ ತಿಂಗಳಿಗೆ ಏಳೂವರೆ ಯೂನಿಟ್ ಉಳಿತು. ದುಡ್ಡಿನಲ್ಲಿ 45 ರೂಪಾಯಿ. ನೂರು ರೂಪಾಯಿ ಕೊಟ್ಟು ಬಲ್ಬು ತಂದರೂ ಮೂರು ತಿಂಗಳಲ್ಲಿ ಅಸಲು ಬಂತು. ಮನೆಯ ಸಾಮಾನಿನಲ್ಲಿ ಇಷ್ಟು ಬೇಗ ಅಸಲು ತೀರಿಸುವುದು ಇನ್ನೊಂದಿಲ್ಲ.

ಇದಕ್ಕೇ ಸರ್ಕಾರದವರು 2015ರಿಂದ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಿದರು. ದೇಶದ ತುಂಬ ಅದಕ್ಕೆ 'ಉಜಾಲಾ' ಎಂದು ಹೆಸರು. ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂದು ಕರೆದರು. ಕರೆಂಟ್ ಬಿಲ್ ತೋರಿಸಿ ಬಲ್ಬು ತಂದದ್ದು ಹಲವರಿಗೆ ನೆನಪಿರಬಹುದು.

ಸಂತೆಯಲ್ಲಿ ಈಗ 30 ರೂಪಾಯಿಗೆ, 40 ರೂಪಾಯಿಗೆ ಎಲ್‌ಇಡಿ ಬಲ್ಬು ಸಿಗುತ್ತದೆ. ತರಬಹುದಾ? ಡಬ್ಬ ಓದಿ ನೋಡಿ. ಒಳ್ಳೆಯ ಬಲ್ಬಿನ ಡಬ್ಬದ ಮೇಲೆ ವಾಟಿನ ಜೊತೆಗೆ 'ಲ್ಯೂಮೆನ್' ಎಂಬ ಇನ್ನೊಂದು ಅಂಕಿ ಇರುತ್ತದೆ. ವಾಟ್ ಎಂದರೆ ತಿನ್ನುವುದು. ಲ್ಯೂಮೆನ್ ಎಂದರೆ ಕೊಡುವ ಬೆಳಕು. ಹಸು ಎಷ್ಟು ಮೇವು ತಿನ್ನುತ್ತದೆ ಎಂದು ಮಾತ್ರ ಕೇಳಿ ಯಾರಾದರೂ ಹಸು ಕೊಳ್ಳುತ್ತಾರೆಯೇ? ಎಷ್ಟು ಹಾಲು ಕೊಡುತ್ತದೆ ಎಂದೂ ಕೇಳುತ್ತೇವೆ. 9 ವಾಟಿನ ಒಳ್ಳೆಯ ಬಲ್ಬು 800, 900 ಲ್ಯೂಮೆನ್ ಬೆಳಕು ಕೊಡುತ್ತದೆ. ಎರಡು ಬಲ್ಬು 9 ವಾಟಿನವೇ ಇದ್ದರೆ ಲ್ಯೂಮೆನ್ ಹೆಚ್ಚಿರುವುದನ್ನು ತೆಗೆದುಕೊಳ್ಳಿ. ಲ್ಯೂಮೆನ್ ಬರೆದೇ ಇಲ್ಲದ, ಕಂಪನಿಯ ವಿಳಾಸ ಇಲ್ಲದ, ಗ್ಯಾರಂಟಿ ಇಲ್ಲದ ಬಲ್ಬು ಅಗ್ಗವಲ್ಲ. ಎರಡು ತಿಂಗಳಿಗೆ ಮಿಣುಕತೊಡಗುತ್ತದೆ.

ಹಾಂ, ಒಂದು ಮಾತು. ಸುರುಳಿ ಆಕಾರದ ಬಿಳಿ ಬಲ್ಬು, ಸಿಎಫ್‌ಎಲ್ ಎನ್ನುತ್ತಾರೆ, ಮನೆಯಲ್ಲಿ ಇನ್ನೂ ಇದ್ದರೆ ಒಡೆಯದ ಹಾಗೆ ನೋಡಿಕೊಳ್ಳಿ. ಅದರೊಳಗೆ ಪಾದರಸ ಇರುತ್ತದೆ. ಒಡೆದರೆ ಕಿಟಕಿ ಬಾಗಿಲು ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ, ರಟ್ಟಿನಿಂದ ಚೂರುಗಳನ್ನು ಬಳಿದು ತೆಗೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಪೊರಕೆಯಿಂದ ಗುಡಿಸಬೇಡಿ.

ಫ್ಯಾನು

ಹಳೆಯ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಈಗ ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನು ಬಂದಿದೆ. ಅದರ ಮೋಟಾರು ಬೇರೆ ರೀತಿಯದು. 30 ವಾಟಿನ ಆಸುಪಾಸು ಸಾಕು. ಅಷ್ಟೇ ಹೊತ್ತಿಗೆ ತಿಂಗಳಿಗೆ 9 ಯೂನಿಟ್. ಉಳಿಯುವುದು ಹದಿಮೂರೂವರೆ ಯೂನಿಟ್, ಅಂದರೆ 81 ರೂಪಾಯಿ.

ಹಾಗಾದರೆ ನಾಳೆಯೇ ಹೋಗಿ ತರೋಣವೇ? ತಡೆಯಿರಿ. ಈ ಫ್ಯಾನಿಗೆ ಸಾಮಾನ್ಯ ಫ್ಯಾನಿಗಿಂತ ಸಾವಿರ, ಒಂದೂವರೆ ಸಾವಿರ ಜಾಸ್ತಿ ಬೆಲೆ. ಬಿಲ್ ಕಟ್ಟುವ ಮನೆಯಾದರೆ, ವರ್ಷಕ್ಕೆ ಎಂಟು ತಿಂಗಳು ಫ್ಯಾನು ಹಾಕುವವರಾದರೆ, ಆ ಹೆಚ್ಚಿನ ದುಡ್ಡು ಎರಡು ಎರಡೂವರೆ ವರ್ಷದಲ್ಲಿ ವಾಪಸು ಬರುತ್ತದೆ. ಸೊನ್ನೆ ಬಿಲ್ಲಿನ ಮನೆಯಾದರೆ ಕೈಗೆ ಏನೂ ಬರುವುದಿಲ್ಲ. ಚೆನ್ನಾಗಿ ತಿರುಗುತ್ತಿರುವ ಫ್ಯಾನು ಕಿತ್ತು ಹಾಕಿ, ಸಾಲ ಮಾಡಿ ಹೊಸದು ತರುವುದು ನಮಗೆ ಸರಿ ಕಾಣುವುದಿಲ್ಲ. ಹಳೆಯದು ಸುಟ್ಟು, ಹೇಗೂ ಹೊಸದು ತರಲೇಬೇಕು ಎಂಬ ದಿನ ಬಂದಾಗ ಈ ಲೆಕ್ಕ ನೆನಪಿಸಿಕೊಳ್ಳಿ. ಆಗಲೂ ಎರಡು ಸಂಗತಿ ಕೇಳಿ. ಒಂದು, ಇದರ ಒಳಗೆ ರೇಡಿಯೋದಲ್ಲಿ ಇರುವಂಥ ಸರ್ಕೀಟ್ ಹಲಗೆ ಇರುತ್ತದೆ. ಅದು ಕೆಟ್ಟರೆ ನಮ್ಮೂರ ರಿಪೇರಿಯವನ ಕೈಯಲ್ಲಿ ಆಗುತ್ತದೋ ಇಲ್ಲವೋ. ಎಷ್ಟು ವರ್ಷ ಗ್ಯಾರಂಟಿ, ರಿಪೇರಿಗೆ ಯಾವ ಊರಿಗೆ ಹೊರಬೇಕು ಎಂದು ಮೊದಲೇ ತಿಳಿದುಕೊಳ್ಳಿ. ಇನ್ನೊಂದು, ಇದಕ್ಕೆ ಗೋಡೆಯ ಹಳೆಯ ರೆಗ್ಯುಲೇಟರ್ ಆಗುವುದಿಲ್ಲ. ಬಹಳಷ್ಟು ಫ್ಯಾನುಗಳು ರಿಮೋಟಿನಲ್ಲಿ ನಡೆಯುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರಿಮೋಟನ್ನು ದಿನಾ ಹುಡುಕಬೇಕಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೆಗ್ಯುಲೇಟರ್ ಮಾತು ಬಂದಿತಲ್ಲ. ಡಬ್ಬದಂಥ ದೊಡ್ಡ ಹಳೆಯ ರೆಗ್ಯುಲೇಟರ್ ಇದ್ದರೆ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಫ್ಯಾನು ನಿಧಾನ ಮಾಡಿದರೂ ಉಳಿಯಬೇಕಾದ ಕರೆಂಟು ಅದರೊಳಗೆ ಬಿಸಿಯಾಗಿ ಹೋಗುತ್ತಿದೆ. ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ನಿಧಾನ ಮಾಡಿದಾಗ ನಿಜವಾಗಿಯೂ ಉಳಿಯುತ್ತದೆ. ಇದಕ್ಕೆ ಹೆಚ್ಚು ಖರ್ಚಿಲ್ಲ.

ನಕ್ಷತ್ರದ ಚೀಟಿ

ಫ್ಯಾನು, ಫ್ರಿಜ್ಜು, ಗೀಸರ್ ಇವುಗಳ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಕಮಾನಿನ ಹಾಗೆ ನಕ್ಷತ್ರಗಳು. ಒಂದರಿಂದ ಐದರವರೆಗೆ. ನಕ್ಷತ್ರ ಹೆಚ್ಚಾದಷ್ಟೂ ಅಷ್ಟೇ ಕೆಲಸಕ್ಕೆ ಕಡಿಮೆ ಕರೆಂಟು. ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋ 2006ರಲ್ಲಿ ಈ ಪದ್ಧತಿ ತಂದಿತು. ಫ್ಯಾನುಗಳಿಗೆ ಇದು 2023ರ ಜನವರಿಯಿಂದ ಕಡ್ಡಾಯವಾಯಿತು.

ಅಂಗಡಿಯವನು ನಕ್ಷತ್ರ ತೋರಿಸುತ್ತಾನೆ. ನಾವು ನಕ್ಷತ್ರದ ಕೆಳಗೆ ನೋಡಬೇಕು. ಫ್ರಿಜ್ಜಿನ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಂಕಿ ಇರುತ್ತದೆ. ಅದನ್ನು 12ರಿಂದ ಭಾಗಿಸಿದರೆ ತಿಂಗಳದ್ದು ಬಂತು. 180 ಇದ್ದರೆ ತಿಂಗಳಿಗೆ 15 ಯೂನಿಟ್. ಚೀಟಿಯ ಮೇಲಿನ ವರ್ಷವನ್ನೂ ನೋಡಿ. ಈ ನಕ್ಷತ್ರದ ಅಳತೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. ಹಿಂದಿನ ಐದು ನಕ್ಷತ್ರದ ಫ್ರಿಜ್ಜು ಹೊಸ ಅಳತೆಯಲ್ಲಿ ಮೂರು ನಾಲ್ಕಕ್ಕೆ ಇಳಿದಿರಬಹುದು. ಹಳೆಯ ಸ್ಟಾಕು ತೋರಿಸಿ 'ಐದು ಸ್ಟಾರ್ ಅಕ್ಕಾ' ಎಂದರೆ ವರ್ಷ ಕೇಳಿ. ಇನ್ನು ಫ್ರಿಜ್ಜಿನ ಬಾಗಿಲ ರಬ್ಬರು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ತಂಪು ಸೋರುತ್ತಿದೆ.

ಟಿ.ವಿ.ಯದು ಅಷ್ಟೇನೂ ದೊಡ್ಡ ಖರ್ಚಲ್ಲ. 32 ಅಂಗುಲದ ಎಲ್‌ಇಡಿ ಟಿ.ವಿ. 50 ವಾಟಿನ ಆಸುಪಾಸು ತಿನ್ನುತ್ತದೆ. ಅದರ ಪಕ್ಕ ಕೂತಿರುವ ಸೆಟ್ ಟಾಪ್ ಬಾಕ್ಸ್ ಮೇಲೆ ಕಣ್ಣಿಡಿ. ರಿಮೋಟಿನಲ್ಲಿ ಆರಿಸಿದರೂ ಎಷ್ಟೋ ಬಾಕ್ಸುಗಳು ಒಳಗೆ ಎಚ್ಚರವಾಗಿಯೇ ಇರುತ್ತವೆ. 10 ವಾಟ್ ಎಂದರೂ ಹಗಲು ರಾತ್ರಿ ಸೇರಿ ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ಚು ಆರಿಸಿದರೆ ಮುಗಿಯಿತು. ಮೊಬೈಲ್ ಚಾರ್ಜಿಗೆ ತಿಂಗಳಿಗೆ ಒಂದು ಯೂನಿಟ್ಟೂ ಹಿಡಿಯುವುದಿಲ್ಲ. 'ಮೊಬೈಲಿನಿಂದಲೇ ಬಿಲ್ ಬಂತು' ಎಂದು ಮಕ್ಕಳನ್ನು ಬೈಯುವುದು ಬೇಡ. ಬೈಯಲು ಬೇರೆ ಕಾರಣಗಳಿವೆ.

ಬಿಸಿ ಮಾಡುವ ಸಾಮಾನು

ಒಂದು ಗುಟ್ಟು ಹೇಳುತ್ತೇವೆ. ಬೆಳಕು ಕೊಡುವುದು ಕಡಿಮೆ ತಿನ್ನುತ್ತದೆ. ತಿರುಗುವುದು ಅದಕ್ಕಿಂತ ಸ್ವಲ್ಪ ಹೆಚ್ಚು. ಬಿಸಿ ಮಾಡುವುದು ಬಕಾಸುರ. ಗೀಸರ್ 2000 ವಾಟ್. ಇಂಡಕ್ಷನ್ ಒಲೆ 1500ರಿಂದ 2000. ಇಸ್ತ್ರಿ ಪೆಟ್ಟಿಗೆ 750ರಿಂದ 1000. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ 1000ದಿಂದ 1500. ಗೀಸರ್ ಅರ್ಧ ಗಂಟೆ ಹಾಕಿದರೆ 1 ಯೂನಿಟ್. ಒಂದು ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ಟಿನಲ್ಲಿ ನೂರು ಗಂಟೆಗೂ ಮೇಲೆ ಉರಿಯುತ್ತದೆ. ಆದ್ದರಿಂದ ಕೋಣೆಯ ಬಲ್ಬು ಆರಿಸಿ ಬಂದು, ಗೀಸರ್ ಮರೆತರೆ ಉಳಿತಾಯ ಎಲ್ಲಿ ಬಂತು? ಬೇಕಾದಾಗ ಹಾಕಿ, ಕಾದ ತಕ್ಷಣ ಆರಿಸಿ. ಇಂಡಕ್ಷನ್ ಒಲೆ ತರುವ ಮುನ್ನ ಒಂದು ಅಯಸ್ಕಾಂತವನ್ನು ನಿಮ್ಮ ಪಾತ್ರೆಗಳ ತಳಕ್ಕೆ ಹಿಡಿದು ನೋಡಿ. ಅಂಟಿಕೊಂಡರೆ ಮಾತ್ರ ಆ ಪಾತ್ರೆ ಆ ಒಲೆಗೆ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬಿಸಿಯಾಗುವುದಿಲ್ಲ. ಒಲೆಯ ಜೊತೆಗೆ ಪಾತ್ರೆಗಳನ್ನೂ ಕೊಳ್ಳಬೇಕಾದರೆ ಖರ್ಚು ಎಷ್ಟಾಯಿತು?

ಕಾಯಿಲ್ ವಿಷಯದಲ್ಲಿ ದುಡ್ಡಿಗಿಂತ ಜೀವದ ಮಾತು ದೊಡ್ಡದು. ಪ್ರತಿ ವರ್ಷ ಎಷ್ಟೋ ಜನ ಇದರಿಂದ ಕರೆಂಟ್ ಹೊಡೆದು ಸಾಯುತ್ತಾರೆ. ಹೆಚ್ಚಾಗಿ ಹೆಂಗಸರು, ಮಕ್ಕಳು ಇದರ ಹತ್ತಿರ ಇರುತ್ತಾರೆ. ನೀರು ಬಿಸಿ ಆಯಿತಾ ಎಂದು ಕೈ ಹಾಕಿ ನೋಡುವುದು ನಮ್ಮ ಅಭ್ಯಾಸ. ಹಂಡೆ ಒಲೆಯಲ್ಲಿ ಅದು ನಡೆಯಿತು. ಇಲ್ಲಿ ನಡೆಯದು. ಮೊದಲು ಕಾಯಿಲನ್ನು ನೀರಿಗೆ ಇಳಿಬಿಡಿ. ಅದರ ಮೇಲೆ ಇರುವ ಗುರುತಿನ ತನಕ ಮುಳುಗಬೇಕು. ಆಮೇಲೆ ಸ್ವಿಚ್ಚು ಹಾಕಿ. ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಕಬ್ಬಿಣದ, ಸ್ಟೀಲಿನ ಬಕೆಟ್ ಬೇಡ. ಪ್ಲಗ್ಗಿಗೆ ಮೂರು ಕಡ್ಡಿ ಇರಬೇಕು. ಮೂರನೆಯ ದಪ್ಪ ಕಡ್ಡಿಯೇ ಅರ್ಥಿಂಗ್. ಎರಡು ತೂತಿನ ಹೋಲ್ಡರಿಗೆ ಆಗಲಿಲ್ಲವೆಂದು ಆ ಕಡ್ಡಿ ಮುರಿಯುವವರು, ತಂತಿ ತುದಿಯನ್ನೇ ಸಿಕ್ಕಿಸುವವರು ಇದ್ದಾರೆ. ದಯವಿಟ್ಟು ಬೇಡ. ಕಾಯಿಲ್ ಮೇಲೂ ಇಸ್ತ್ರಿ ಪೆಟ್ಟಿಗೆಯ ಮೇಲೂ ಐ.ಎಸ್.ಐ. ಗುರುತು ಇರಲೇಬೇಕು. ಗುರುತಿನ ಜೊತೆಗೆ ಲೈಸೆನ್ಸ್ ನಂಬರಿನ ಅಂಕಿಗಳು ಇರುತ್ತವೆ. ಅಂಕಿ ಇಲ್ಲದ ಬರೀ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಕರೆಂಟ್ ಉಳಿಸುವ ಪೆಟ್ಟಿಗೆ

ಈಗ ಈ ಪಾಠದ ಮುಖ್ಯ ಸಂಗತಿಗೆ ಬರೋಣ.

ಒಂದು ದಿನ ನಮ್ಮ ಸಂಘದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸುತ್ತಿದ್ದೆವು. ಬೈಕಿನಲ್ಲಿ ಒಬ್ಬ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ದೊಡ್ಡ ಚೀಲ. ಚೀಲದಿಂದ ಅಂಗೈ ಅಗಲದ ಒಂದು ಬಿಳಿ ಪೆಟ್ಟಿಗೆ ತೆಗೆದ. ಅದಕ್ಕೆ ಹಸಿರು ದೀಪ.

"ಅಕ್ಕಾ, ಇದನ್ನ ಪ್ಲಗ್ಗಿಗೆ ಸಿಕ್ಸಿಬಿಡಿ. ಅಷ್ಟೇ. ನಿಮ್ಮ ಬಿಲ್ಲು ಅರ್ಧಕ್ಕರ್ಧ ಇಳೀತದೆ" ಎಂದ.

ಅವನು ಒಂದು ಪುಟ್ಟ ಮೋಟಾರನ್ನೂ ಮುಳ್ಳಿರುವ ಒಂದು ಮೀಟರನ್ನೂ ತಂದಿದ್ದ. ಮೋಟಾರು ಓಡಿಸಿದ. ಮುಳ್ಳು 2ರ ಮೇಲೆ ನಿಂತಿತು. ಪೆಟ್ಟಿಗೆ ಸಿಕ್ಕಿಸಿದ. ಮುಳ್ಳು 1ರ ಹತ್ತಿರ ಇಳಿಯಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಬೆಲೆ ಎಷ್ಟಪ್ಪಾ?"

"ಸಾವಿರದ ಇನ್ನೂರು. ಸಂಘದವರು ಅಂತ ನಿಮಗೆ 800. ಇವತ್ತೊಂದೇ ದಿನ."

ನಾವು 14 ಜನ. ಲೆಕ್ಕ ಹಾಕಿದೆವು. 11,200 ರೂಪಾಯಿ. ಸಂಘದ ಪೆಟ್ಟಿಗೆಯಿಂದ ಸಾಲ ಕೊಡೋಣ, ತಿಂಗಳಿಗೆ ನೂರರಂತೆ ತೀರಿಸಲಿ ಎಂದು ಒಬ್ಬರು ಹೇಳಿಯೂ ಬಿಟ್ಟರು. ಆಗ ನಮ್ಮಲ್ಲಿ ಒಬ್ಬ ಅಕ್ಕ ಎದ್ದು ನಿಂತಳು. ಹೋದ ವರ್ಷವಷ್ಟೇ ಅಕ್ಷರ ಕಲಿತವಳು.

"ಎಲ್ಲಾ ಸರಿ ಕಣಪ್ಪಾ. ನಮಗೆ ಬಿಲ್ಲು ಬರೋದು ನಿನ್ನ ಮುಳ್ಳಿನ ಮೀಟರಿಂದ ಅಲ್ಲ. ಗೋಡೆ ಮೇಲಿರೋ ಮೀಟರಿಂದ. ಅದರ ಮುಂದೆ ಮಾಡಿ ತೋರ್ಸು."

ಎಲ್ಲರೂ ಅವಳ ಮನೆಗೆ ಹೋದೆವು. ಗೋಡೆಯ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ, ನೋಡಿದ್ದೀರಾ? ಅದರ ಪಕ್ಕದಲ್ಲಿ 3200 ಎಂದೋ 1600 ಎಂದೋ ಬರೆದಿರುತ್ತದೆ. ಅಷ್ಟು ಸಲ ಮಿನುಗಿದರೆ 1 ಯೂನಿಟ್ ಆಯಿತು ಎಂದು ಅರ್ಥ. ಅವಳ ಮೀಟರಿನದು 3200. ಮನೆಯಲ್ಲಿ ಬೇರೆಲ್ಲ ಆರಿಸಿ, ಎರಡು ಫ್ಯಾನು ಮಾತ್ರ ಜೋರಾಗಿ ಬಿಟ್ಟೆವು. ಒಬ್ಬಳು ಗಡಿಯಾರ ನೋಡಿದಳು. ಒಬ್ಬಳು ಪ್ರತಿ ಮಿನುಗಿಗೂ ಒಂದು ಹುಣಸೆ ಬೀಜ ತಟ್ಟೆಗೆ ಹಾಕಿದಳು. ಐದು ನಿಮಿಷಕ್ಕೆ 40 ಬೀಜ.

ಪೆಟ್ಟಿಗೆ ಸಿಕ್ಕಿಸಿದೆವು. ಹಸಿರು ದೀಪ ಹತ್ತಿತು. ಮತ್ತೆ ಐದು ನಿಮಿಷ. ತಟ್ಟೆಯಲ್ಲಿ 40 ಬೀಜ.

"ಇಳೀಲಿಲ್ವಲ್ಲಪ್ಪಾ?"

"ಅದು ನಿಮ್ಮ ಮನೆ ಲೈನಿಗೆ ಹೊಂದ್ಕೊಳ್ಳೋಕೆ ಎರಡು ಮೂರು ತಿಂಗಳು ಬೇಕು ಅಕ್ಕಾ" ಎಂದ.

"ನಿನ್ನ ಮುಳ್ಳಿಗೆ ಆಗಲೇ ಹೊಂದಿಕೊಂಡಿತಲ್ಲ?"

ಅವನು ಚೀಲ ಎತ್ತಿಕೊಂಡ. ಮುಂದಿನ ಊರಿಗೆ ಹೊತ್ತಾಯಿತು ಎಂದ. ಆ ಊರಿನ ಸಂಘಕ್ಕೆ ನಾವು ಆಗಲೇ ಫೋನ್ ಮಾಡಿದೆವು.

ಆ ಪೆಟ್ಟಿಗೆಯ ಒಳಗೆ ಏನಿತ್ತು? ಇಂಥ ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ಕೆಪಾಸಿಟರ್, ದೀಪಕ್ಕೆ ಬೇಕಾದ ಒಂದೆರಡು ಚೂರು. ಫ್ಯಾನು ನಿಂತಾಗ ರಿಪೇರಿಯವನು 'ಕಂಡೆನ್ಸರ್ ಹೋಗಿದೆ' ಎನ್ನುತ್ತಾನಲ್ಲ, ಅದೇ ಜಾತಿಯ ಸಾಮಾನು.

ಮುಳ್ಳು ಇಳಿದದ್ದು ಸುಳ್ಳೇ? ಸುಳ್ಳಲ್ಲ. ಅದೇ ಇದರ ಚಮತ್ಕಾರ. ಹಾಲು ಕರೆದಾಗ ಚೊಂಬಿನ ತುಂಬ ನೊರೆ ಬರುತ್ತದೆ. ನೊರೆ ಸೇರಿಸಿ ನೋಡಿದರೆ ಚೊಂಬು ತುಂಬಿದೆ. ಡೈರಿಯಲ್ಲಿ ನೊರೆಗೆ ದುಡ್ಡು ಕೊಡುತ್ತಾರೆಯೇ? ಹಾಲಿಗೆ ಮಾತ್ರ. ಮೋಟಾರು ಇರುವ ಸಾಮಾನು ಕೆಲಸ ಮಾಡುವ ಕರೆಂಟಿನ ಜೊತೆಗೆ ಸುಮ್ಮನೆ ಹೋಗಿ ಬಂದು ಮಾಡುವ ಸ್ವಲ್ಪ ಕರೆಂಟನ್ನೂ ಎಳೆಯುತ್ತದೆ. ಅದು ನೊರೆ. ಮುಳ್ಳಿನ ಮೀಟರು ನೊರೆಯನ್ನೂ ಸೇರಿಸಿ ತೋರಿಸುತ್ತದೆ. ಕೆಪಾಸಿಟರ್ ನೊರೆಯನ್ನು ಇಳಿಸುತ್ತದೆ. ಮುಳ್ಳು ಇಳಿಯುತ್ತದೆ. ನಮ್ಮ ಮನೆಯ ಮೀಟರು ಯೂನಿಟ್ ಲೆಕ್ಕದಲ್ಲಿ ಹಾಲನ್ನು ಮಾತ್ರ ಅಳೆಯುತ್ತದೆ. ನೊರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೆಪಾಸಿಟರ್ ಎಂಬುದೇ ಮೋಸದ ಸಾಮಾನು ಎಂದು ತಿಳಿಯಬೇಡಿ. ದೊಡ್ಡ ಕಾರ್ಖಾನೆಗಳಿಗೆ ನೊರೆ ಹೆಚ್ಚಾದರೆ ದಂಡ ಹಾಕುತ್ತಾರೆ, ಅವರಿಗೆ ಇದು ಬೇಕು. ಹೊಲದ ಪಂಪ್‌ಸೆಟ್ಟಿಗೂ ಕೆಪಾಸಿಟರ್ ಹಾಕಿಸಿ ಎಂದು ಕರೆಂಟಿನವರೇ ಹೇಳುತ್ತಾರೆ. ಲೈನಿನ ಮೇಲಿನ ಭಾರ ಇಳಿದು ವೋಲ್ಟೇಜ್ ಸ್ವಲ್ಪ ಸುಧಾರಿಸುತ್ತದೆ. ಮನೆಯ ಬಿಲ್ಲು ಇಳಿಸುವುದಕ್ಕೆ ಮಾತ್ರ ಇದರಿಂದ ಉಪಯೋಗವಿಲ್ಲ. ಜಾತ್ರೆಯಲ್ಲಿ ಮಾರಲಿ, ಟಿ.ವಿ.ಯಲ್ಲಿ ತೋರಿಸಲಿ, ಮೊಬೈಲಿನಲ್ಲಿ ಜಾಹೀರಾತು ಬರಲಿ, ಹೆಸರು ಬೇರೆ ಇರಲಿ, ಬಣ್ಣ ಬೇರೆ ಇರಲಿ, ಹುಣಸೆ ಬೀಜ ಹಾಕಿ ಎಣಿಸಿ.

ರಸೀದಿ ಕೇಳಿ

ಯಾವ ಸಾಮಾನು ತಂದರೂ ಬಿಲ್ ಕೇಳಿ. 'ಬಿಲ್ ಬೇಡ ಅಂದ್ರೆ ನೂರು ರೂಪಾಯಿ ಕಡಿಮೆ' ಎನ್ನುವವರಿದ್ದಾರೆ. ಆ ನೂರು ರೂಪಾಯಿ ಜೊತೆಗೆ ಗ್ಯಾರಂಟಿಯೂ ಹೋಯಿತು ಎಂದು ತಿಳಿಯಿರಿ. ಗ್ಯಾರಂಟಿ ಕಾರ್ಡಿನ ಮೇಲೆ ತಾರೀಕು ಬರೆಸಿ, ಅಂಗಡಿಯ ಸೀಲು ಹಾಕಿಸಿ. ಡಬ್ಬದ ಮೇಲಿನ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಒಂದು ಪೈಸೆ ಕೇಳುವಂತಿಲ್ಲ. ಚೌಕಾಸಿ ಮಾಡಿ ಇಳಿಸಬಹುದು.

ಸಾಮಾನು ಕೆಟ್ಟಿತು, ಅಂಗಡಿಯವನು ಕೈ ಆಡಿಸಿದ. ಆಗ? 1915 ಎಂಬ ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಫೋನಿಗೆ ದುಡ್ಡಿಲ್ಲ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ನಮಗೆ ಆ ದಾರಿ ಕೊಟ್ಟಿದೆ. ತೊಂದರೆಯಾದ ಎರಡು ವರ್ಷದ ಒಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿ ಒಳಗಿನ ಸಾಮಾನಿಗೆ ಶುಲ್ಕ ಇಲ್ಲ. ವಕೀಲರೇ ಬೇಕೆಂದಿಲ್ಲ, ನಾವೇ ಹೋಗಿ ಹೇಳಬಹುದು. ದೂರು ಬರೆಯುವುದಕ್ಕೆ ಬೇಕಾದಷ್ಟು ಅಕ್ಷರ ನಮಗೆ ಈಗ ಬರುತ್ತದೆ. ಕೈಯಲ್ಲಿ ರಸೀದಿ ಇರಬೇಕು, ಅಷ್ಟೇ.

ಲೆಕ್ಕ ಮಾಡಿ

1. ಒಂದು ಮನೆಯಲ್ಲಿ 9 ವಾಟಿನ 4 ಬಲ್ಬು ದಿನಕ್ಕೆ 5 ಗಂಟೆ ಉರಿಯುತ್ತವೆ. 30 ದಿನಕ್ಕೆ ಎಷ್ಟು ಯೂನಿಟ್?

2. 1500 ವಾಟಿನ ಕಾಯಿಲನ್ನು ದಿನಕ್ಕೆ 20 ನಿಮಿಷ ಹಾಕುತ್ತಾರೆ. 30 ದಿನಕ್ಕೆ ಎಷ್ಟು ಯೂನಿಟ್? ಮೇಲಿನ ನಾಲ್ಕು ಬಲ್ಬಿನದಕ್ಕಿಂತ ಹೆಚ್ಚೋ ಕಡಿಮೆಯೋ?

3. ನಿಮ್ಮ ಮನೆಯ ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಇವುಗಳ ಮೇಲೆ ಎಷ್ಟು ವಾಟ್ ಎಂದು ಬರೆದಿದೆ? ಹುಡುಕಿ ಬರೆಯಿರಿ. ಹುಡುಕುವ ಮುನ್ನ ಪ್ಲಗ್ ಕೀಳಿ. ಫ್ಯಾನಿನದು ಮೇಲೆ ಹತ್ತಿ ನೋಡಬೇಡಿ, ಡಬ್ಬ ಇದ್ದರೆ ಅದರಲ್ಲಿ ನೋಡಿ.

4. ಇವತ್ತು ನಿಮ್ಮ ಮೀಟರ್ ತೋರಿಸುವ ಅಂಕಿ: ............

ಏಳು ದಿನ ಬಿಟ್ಟು, ಇದೇ ಹೊತ್ತಿಗೆ: ............

ಒಂದು ವಾರದ ಬಳಕೆ: ............ ಯೂನಿಟ್